ಒಂದೇ ಬರೋಲೊ, ಎರಡು ಬೆಲೆ: ಯಾವ ಅಂಗಡಿಯಲ್ಲಿ ಕೊಳ್ಳಬೇಕು?

ಪ್ರಶ್ನೆ: ನನ್ನ ಮಗಳು ಹುಟ್ಟಿದ್ದು 2016ರಲ್ಲಿ. ಅದೇ ವರ್ಷದ ಇಟಲಿಯ ಬರೋಲೊ ವೈನ್ ಕೊಂಡಿಟ್ಟು ಅವಳ ಮದುವೆಯಲ್ಲಿ ತೆರೆಯಬೇಕೆಂಬ ಆಸೆ ನನಗಿದೆ. ಲಂಡನ್ನಿನಲ್ಲಿರುವ ಅಕ್ಕನ ಮಗ ವಿಚಾರಿಸಿದಾಗ ಒಂದು ಅಂಗಡಿಯವರು ಆರು ಬಾಟಲಿಯ ಪೆಟ್ಟಿಗೆಗೆ 360 ಪೌಂಡ್, ಅಂದರೆ ಬಾಟಲಿಗೆ 60 ಎಂದರು. ಮತ್ತೊಂದು ಅಂಗಡಿಯಲ್ಲಿ ಅದೇ ತಯಾರಕರ ವೈನ್ ಬಾಟಲಿಗೆ 88 ಪೌಂಡ್. ಇಷ್ಟು ಅಂತರ ಏಕೆ? ಅಗ್ಗದ್ದನ್ನು ಕೊಂಡು ನಮ್ಮ ತೋಟದ ಮನೆಯಲ್ಲೇ ಇಡಬಹುದೇ?
– ಕಾಫಿ ಬೆಳೆಗಾರರು, ಗೋಣಿಕೊಪ್ಪಲು

ಉತ್ತರ: ಚೆರಿ ಕಾಫಿ ಮಾರುವಾಗ ನೀವು ಔಟ್‌ಟರ್ನ್, ಅಂದರೆ ಚೀಲಕ್ಕೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ ಹಾಕದೆ ಚೀಲದ ದರ ಒಪ್ಪುವುದಿಲ್ಲ. ಕರಿಮೆಣಸಿನ ತೇವಾಂಶ, ಲೀಟರ್ ತೂಕ ನೋಡದೆ ವ್ಯಾಪಾರಿಯೂ ಬೆಲೆ ಹೇಳುವುದಿಲ್ಲ. ವೈನಿನ ದರಪಟ್ಟಿಯನ್ನೂ ಹಾಗೆಯೇ ಓದಬೇಕು. 60 ಮತ್ತು 88 ಒಂದೇ ಲೆಕ್ಕದ ಬೆಲೆಗಳಲ್ಲ ಎಂದು ನನಗೆ ಅನಿಸುತ್ತದೆ.

ಬ್ರಿಟನ್ನಿನಲ್ಲಿ ಇಂತಹ ವೈನುಗಳನ್ನು ಪೆಟ್ಟಿಗೆಗಟ್ಟಲೆ ಮಾರುವವರು ಬಹುಮಟ್ಟಿಗೆ ‘ಇನ್ ಬಾಂಡ್’ ಬೆಲೆ ಹೇಳುತ್ತಾರೆ. ಸರಕು ಸರ್ಕಾರದ ಪರವಾನಗಿ ಇರುವ ಸುಂಕದ ಗೋದಾಮಿನಲ್ಲಿರುತ್ತದೆ, ತೆರಿಗೆ ಇನ್ನೂ ಕಟ್ಟಿರುವುದಿಲ್ಲ. ಅದನ್ನು ಹೊರಗೆ ತೆಗೆಯುವ ದಿನ ಬಾಟಲಿಗೆ ಸುಮಾರು 3 ಪೌಂಡ್ ಅಬಕಾರಿ ಸುಂಕ, ಒಟ್ಟು ಮೊತ್ತದ ಮೇಲೆ ಶೇ 20 ವ್ಯಾಟ್ ಬೀಳುತ್ತದೆ. 60ಕ್ಕೆ 3 ಕೂಡಿಸಿ ಶೇ 20 ಹಾಕಿದರೆ 75 ಪೌಂಡ್ 60 ಪೆನ್ಸ್. ಮನೆಗೆ ತಲುಪಿಸುವ ಖರ್ಚು ಬೇರೆ. ನಿಮ್ಮ 28 ಪೌಂಡ್ ಅಂತರ 12ರ ಆಸುಪಾಸಿಗೆ ಇಳಿಯಿತು. ಪೆಟ್ಟಿಗೆಯ ದರ ‘ಇನ್ ಬಾಂಡ್’ ಹೌದೇ ಎಂದು ಮೊದಲು ಕೇಳಿಸಿ.

ಉಳಿದ 12 ಪೌಂಡಿಗೂ ಕಾರಣ ಇರಬಹುದು. ಕಡಿಮೆ ಬೆಲೆ ಹಾಕುವ ಅಂಗಡಿಗಳಲ್ಲಿ ಕೆಲವರ ಕೈಯಲ್ಲಿ ಬಾಟಲಿಯೇ ಇರುವುದಿಲ್ಲ. ನೀವು ಹಣ ಕಟ್ಟಿದ ಮೇಲೆ ಯುರೋಪಿನ ಯಾವುದೋ ದಾಸ್ತಾನುಗಾರನಿಂದ ತರಿಸುತ್ತಾರೆ, ತಿಂಗಳುಗಟ್ಟಲೆ ಕಾಯಿಸುತ್ತಾರೆ. ಆ ವೈನ್ ಎಷ್ಟು ಕೈ ದಾಟಿತು, ಯಾವ ಬೇಸಿಗೆಯಲ್ಲಿ ಯಾವ ಲಾರಿಯಲ್ಲಿ ಬಂದಿತು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ತಯಾರಕರಿಂದ ನೇರವಾಗಿ ತಂದು ಅಂದಿನಿಂದ ತಮ್ಮ ನೆಲಮಾಳಿಗೆಯಲ್ಲೇ ಇಟ್ಟ ಅಂಗಡಿಯವರು ಹೆಚ್ಚು ಕೇಳಿದರೆ ಅದು ನ್ಯಾಯ. ಮದುವೆಗೆಂದು ಇಡುವ ಬಾಟಲಿಗೆ ನಾನಾದರೆ ಆ ಹಣವನ್ನು ಸಂತೋಷದಿಂದ ಕೊಡುತ್ತೇನೆ.

ಹೆಸರನ್ನೂ ಅಕ್ಷರ ಬಿಡದೆ ಓದಿ. ಒಬ್ಬನೇ ತಯಾರಕ ಹಲವು ದ್ರಾಕ್ಷಿ ತೋಟಗಳ ಹೆಸರಿನಲ್ಲಿ ಬೇರೆ ಬೇರೆ ಬರೋಲೊ ಮಾಡುತ್ತಾನೆ. ಕನ್ನುಬಿ, ಬ್ರುನಾತೆ ಎಂದು ತೋಟದ ಹೆಸರು ಬಂದರೆ ಬೆಲೆ ಏರುತ್ತದೆ. ಸಾಮಾನ್ಯ ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ‘ರಿಸೆರ್ವಾ’ ಎಂದಿದ್ದರೆ 62 ತಿಂಗಳು. ಇಟಲಿಯದೇ ಟಸ್ಕನಿ ಪ್ರದೇಶದ ದುಬಾರಿ ವೈನ್ ಸಸ್ಸಿಕಾಯಿಯಾ ಹುಡುಕುವವರು ಅದೇ ಒಡೆತನದ ಎರಡನೆಯ ವೈನ್ ಗ್ವಿದಾಲ್ಬೆರ್ತೊವನ್ನು ನೋಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದುಂಟು. ಇನ್ನು ಎಲ್ಲರಿಗಿಂತ ತೀರಾ ಕಡಿಮೆ ಬೆಲೆ ಕಂಡರೆ ಹಿಂದೆ ಸರಿಯಿರಿ: 2020ರಲ್ಲಿ ಇಟಲಿಯ ಪೊಲೀಸರು ನಕಲಿ ಸಸ್ಸಿಕಾಯಿಯಾ ಜಾಲವನ್ನೇ ಹಿಡಿದಿದ್ದರು.

ಈಗ ನಿಮ್ಮ ತೋಟದ ಮನೆಯ ಮಾತು. ದಯವಿಟ್ಟು ಅಲ್ಲಿ ಇಡಬೇಡಿ. ಕೊಡಗು ತಂಪು ನಿಜ, ಆದರೆ ವೈನಿಗೆ ಬೇಕಾದದ್ದು ವರ್ಷವಿಡೀ ಬದಲಾಗದ 12ರಿಂದ 14 ಡಿಗ್ರಿ. ನಮ್ಮ ಏಪ್ರಿಲ್‌ನ ಮಧ್ಯಾಹ್ನಗಳು ಅದನ್ನು ಎಲ್ಲೋ ಮೀರಿಸುತ್ತವೆ. ವೈನ್ ಫ್ರಿಜ್ ಕೊಂಡರೂ ಆಟಿ ತಿಂಗಳ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂಬುದು ನಿಮಗೇ ಗೊತ್ತು. ಸಿದ್ದಾಪುರದ ಬಳಿ ಪರಿಚಿತರೊಬ್ಬರು ಅಟ್ಟದಲ್ಲಿ ಇಟ್ಟಿದ್ದ ಒಂದು ಬರೋಲೊವನ್ನು ನನ್ನ ಕೈಗೆ ಕೊಟ್ಟಿದ್ದರು. ಲೇಬಲ್ಲಿಗೆ ಬೂಷ್ಟು ಹಿಡಿದಿತ್ತು. ಅದು ಚಿಂತೆಯ ವಿಷಯವಲ್ಲ. ಕತ್ತಿನ ಮೇಲಿನ ತಗಡನ್ನು ತಿರುಗಿಸಲು ನೋಡಿದೆ, ಅಂಟಿಕೊಂಡು ಕೂತಿತ್ತು. ಬಿಚ್ಚಿದರೆ ಒಳಗೆ ಒಣಗಿದ ವೈನಿನ ಕಲೆ, ಬೆಂಡಿನ ಬಿರಡೆ ಕೂದಲೆಳೆಯಷ್ಟು ಮೇಲೆದ್ದಿತ್ತು, ವೈನ್ ಬಾಟಲಿಯ ಭುಜದವರೆಗೆ ಇಳಿದಿತ್ತು. ಸೆಕೆಗೆ ವೈನ್ ಉಬ್ಬಿ ಸೋರಿದ ಗುರುತು ಇದು. ಬರೋಲೊ ಮಾಡುವ ನೆಬ್ಬಿಯೊಲೊ ದ್ರಾಕ್ಷಿಯ ವೈನ್ ಮಾಗಿದಾಗ ಒಣಗಿದ ಗುಲಾಬಿ, ಡಾಂಬರಿನ ಪರಿಮಳ ಬರಬೇಕು. ಬಂದದ್ದು ಬೇಯಿಸಿದ ಹಣ್ಣಿನ ವಾಸನೆ. ಅವರ ಮುಖ ನೋಡಲು ನನಗೆ ಸಂಕಟವಾಯಿತು.

ಆದ್ದರಿಂದ ಪೆಟ್ಟಿಗೆಯನ್ನು ನಿಮ್ಮ ಸೋದರಳಿಯನ ಹೆಸರಿನಲ್ಲಿ ಲಂಡನ್ನಿನ ಸುಂಕದ ಗೋದಾಮಿನಲ್ಲೇ ಇಡಿಸಿ. ವರ್ಷಕ್ಕಿಷ್ಟು ಬಾಡಿಗೆ ಇರುತ್ತದೆ, ಅದನ್ನೂ ಬೆಲೆಗೆ ಸೇರಿಸಿ. ಒಳ್ಳೆಯ ತಯಾರಕರ 2016ರ ಬರೋಲೊ ತಣ್ಣಗೆ ಮಲಗಿದ್ದರೆ 25 ವರ್ಷ ಬಾಳುತ್ತದೆ. ಬರೋಲೊ ತಯಾರಾಗುವ ಪೀಡ್‌ಮಾಂಟ್ ಪ್ರದೇಶಕ್ಕೆ ಅದು ಬಹಳ ಒಳ್ಳೆಯ ವರ್ಷ. ಭಾರತಕ್ಕೆ ಆಮದು ಮಾಡಿದರೆ ಲೆಕ್ಕವೇ ಬೇರೆ: 2021ರ ಬಜೆಟ್‌ನಲ್ಲಿ ವೈನಿನ ಮೇಲೆ ಶೇ 50 ಮೂಲ ಸುಂಕ, ಶೇ 100 ಕೃಷಿ ಸೆಸ್ ಹಾಕಿದ್ದರು. ರಾಜ್ಯದ ಅಬಕಾರಿ ಅದರ ಮೇಲೆ. ಬೆಂಗಳೂರಿನ ಅಂಗಡಿಯಲ್ಲಿ ಇದೇ ಬಾಟಲಿಯ ಬೆಲೆ ಕೇಳಿ ಬೆಚ್ಚಿಬೀಳಬೇಡಿ.

ವಿಮಾನದಲ್ಲಿ ಬರುವ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಸೋದರಳಿಯನ ಜೊತೆ ಹೆಂಡತಿಯೂ ಮದುವೆಗೆ ಬಂದರೆ ನಾಲ್ಕಾಯಿತು. ಕೊಳ್ಳುವ ಮುನ್ನ ಬಾಟಲಿಯ ಕತ್ತು, ತಗಡು, ಲೇಬಲ್, ಮರದ ಪೆಟ್ಟಿಗೆಯ ಫೋಟೋಗಳನ್ನು ತರಿಸಿಕೊಳ್ಳಿ; ವೈನ್ ಕತ್ತಿನೊಳಗೇ ನಿಂತಿರಬೇಕು. ಬಾಟಲಿಗಳು ಗೋಣಿಕೊಪ್ಪಲಿಗೆ ಬಂದ ಮೇಲೆ ಮನೆಯ ಅತ್ಯಂತ ತಣ್ಣನೆಯ ಕೋಣೆಯಲ್ಲಿ ಎರಡು ದಿನ ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಕೂರುತ್ತದೆ. ಆಮೇಲೆ ಅಲುಗಿಸದೆ, ನಿಧಾನವಾಗಿ ಬಗ್ಗಿಸಿ.