ಮಂಡಿಯಲ್ಲಿ ಚೀಲ ಕಳುವಾದರೆ ಎಫ್‌ಐಆರ್ ದಾಖಲಿಸಲೇಬೇಕೇ?

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಒಂದು ಚೀಲ ಮೆಕ್ಕೆಜೋಳ ಕಳುವಾದಾಗ, ಠಾಣೆಯವರು ಎಫ್‌ಐಆರ್ ದಾಖಲಿಸದೆ ಹಿಂಬರಹ (ದೂರಿಗೆ ಠಾಣೆ ಕೊಡುವ ಲಿಖಿತ ಉತ್ತರ) ಕೊಟ್ಟು ಕಳುಹಿಸಿದ್ದು ಸರಿಯೇ ಎಂದು ಕೇಳಿದ್ದೀರಿ. ಉತ್ತರವು ಚೀಲದ ಬೆಲೆಯನ್ನಷ್ಟೇ ಅಲ್ಲ, ಅದನ್ನು ಇಟ್ಟಿದ್ದ ಜಾಗವನ್ನೂ ಅವಲಂಬಿಸಿದೆ.

ಎಫ್‌ಐಆರ್ ದಾಖಲಾಗುವುದು ಸಂಜ್ಞೇಯ ಅಪರಾಧಕ್ಕೆ; ಅದರಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಿ ತನಿಖೆ ನಡೆಸಬಹುದು. ಅಸಂಜ್ಞೇಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೆ ಇಳಿಯುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಕಳ್ಳತನ ಸಾಮಾನ್ಯವಾಗಿ ಸಂಜ್ಞೇಯವೇ ಆದರೂ, ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿರುವ ಪ್ರಕರಣವನ್ನು ಅಸಂಜ್ಞೇಯವೆಂದು ವರ್ಗೀಕರಿಸಲಾಗಿದೆ. ಮೊದಲ ಬಾರಿಗೆ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಬಯಲಿನಲ್ಲಿದ್ದ ಒಂದು ಚೀಲ ಈ ಮಿತಿಯೊಳಗೆ ಬರುವ ಸಾಧ್ಯತೆಯೇ ಹೆಚ್ಚು.

ಆದರೆ ಅದೇ ಚೀಲ ಗೋದಾಮಿನೊಳಗಿಂದ ಹೋಗಿದ್ದರೆ, ಸರಕು ಕಾಯ್ದಿಡುವ ಕಟ್ಟಡದಲ್ಲಿನ ಕಳ್ಳತನಕ್ಕೆ 7 ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸುವ 305ನೇ ಕಲಂ ಅನ್ವಯಿಸುತ್ತದೆ, ಬೆಲೆ ಎಷ್ಟೇ ಇದ್ದರೂ ಅದು ಸಂಜ್ಞೇಯ. ಆದ್ದರಿಂದ ಚೀಲ ಎಲ್ಲಿತ್ತೆಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಬಹಳ ಮುಖ್ಯ.

ಇನ್ನೊಂದು ಮಾತು: ಹಮಾಲರು ತಿಳಿಯದೆ ಬೇರೆಯವರ ಲಾರಿಗೆ ಹೇರಿದ್ದರೆ ಅದು ಕಳ್ಳತನವೇ ಅಲ್ಲ, ಏಕೆಂದರೆ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಇರಲೇಬೇಕು.

ಸಂಜ್ಞೇಯ ಅಪರಾಧವಾಗಿದ್ದೂ ದೂರು ದಾಖಲಾಗದಿದ್ದರೆ, ಅದರ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.