ಜಿಟಿಒ ಕೊಳ್ಳೋ ಮೊದಲು

ತಮ್ಮಾ,

ಮಿಶಿಗನ್ನಿನ ಟ್ರಾಯ್‌ಗೆ ಬಂದು ಇನ್ನೂ ಎರಡನೇ ಚಳಿಗಾಲ. ಅಷ್ಟರಲ್ಲೇ 1967ರ ಪಾಂಟಿಯಾಕ್ ಜಿಟಿಒ ಕಾರು ಕೊಂಡು, ಪಳಗಿದ ಕೈಯ ಕೆಲಸಗಾರನೊಬ್ಬನಿಂದ ಹೊಸದಾಗಿ ಕಟ್ಟಿಸಬೇಕು, ಹೇಗೆ ಅಂತ ಕೇಳಿದ್ದೀಯ. ಅದರ ಜೊತೆಗೆ ಚಳಿ, ನಮ್ಮ ಜನ, ವೀಸಾ, ಕೊನೆಗೊಂದು ದಿನ ಕಾರನ್ನು ದಾವಣಗೆರೆಗೆ ಸಾಗಿಸೋದು, ಎಲ್ಲ ಕೇಳಿದ್ದೀಯ. ದಾವಣಗೆರೆ ಆಸೆ ಬಿಟ್ಟುಬಿಡು. ಎಡಗಡೆ ಸ್ಟೀರಿಂಗು, ಆಮದು ಸುಂಕ, ಆರ್‌ಟಿಒ ಆಫೀಸು. ಈ ಮೂರನ್ನೂ ನಿನಗೆ ಬಿಡಿಸಿ ಹೇಳಬೇಕಿಲ್ಲ. ಚಳಿಗೆ ಒಳ್ಳೇ ಬೂಟು ತಗೋ, ಅದರಲ್ಲಿ ದುಡ್ಡು ಉಳಿಸಬೇಡ. ನಮ್ಮವರು ಬೇಕು ಅನ್ನಿಸಿದರೆ ಪಂಪ ಕನ್ನಡ ಕೂಟದ ಯುಗಾದಿಗೆ ಒಮ್ಮೆ ಹೋಗು, ಆಮೇಲೆ ಅವರೇ ನಿನ್ನನ್ನು ಬಿಡೋಲ್ಲ.

ಇನ್ನು ಕಾರು. ನಾನು ಡೆಟ್ರಾಯ್ಟಲ್ಲಿ ಇಳಿದಿದ್ದು 1998ರ ಜನವರಿಯಲ್ಲಿ. ಒಣಗಿದ ರಸ್ತೆ ಮೇಲೆಲ್ಲ ಬೆಳ್ಳನೆ ಪುಡಿ. ಹಿಮ ಇರಬೇಕು ಅಂದುಕೊಂಡರೆ, ಕರೆದೊಯ್ಯಲು ಬಂದಿದ್ದವನು ‘ಹಿಮ ಕರಗಲಿ ಅಂತ ಹಾಕಿದ ಉಪ್ಪು’ ಅಂದ. ಅವನ ಕಾರಿನ ಹಿಂಬಾಗಿಲ ಕೆಳಗೆ ನನ್ನ ಮುಷ್ಟಿ ತೂರುವಷ್ಟು ತುಕ್ಕಿನ ತೂತಿತ್ತು. ನೀನು ನೋಡಿಟ್ಟಿರೋ ಗಾಡಿ ಮಿಶಿಗನ್‌ನಲ್ಲೇ ಓಡಾಡಿದ್ದಾದರೆ ಅದೂ ಅದೇ ಉಪ್ಪು ತಿಂದಿರುತ್ತೆ. ಹಾಗಾಗಿ ಬಣ್ಣಕ್ಕೆ ಮರುಳಾಗಬೇಡ. ಡಿಕ್ಕಿಯ ಮ್ಯಾಟ್ ಎತ್ತಿ ತಳ ನೋಡು. ಹಿಂಗಾಜಿನ ಸುತ್ತ ನೀರು ನಿಲ್ಲೋ ಸಂದು ನೋಡು. ಹಿಂಚಕ್ರದ ಹತ್ತಿರ ಫ್ರೇಮಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡು. ಮಾಲೀಕ ಬೇಡ ಅಂದರೆ ಅಲ್ಲಿಂದ ಎದ್ದು ಬಾ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿ ಮೇಲೆಲ್ಲ ಆಡಿಸು, ಅಂಟದ ಕಡೆ ಪುಟ್ಟಿ ತುಂಬಿದ್ದಾರೆ ಅಂತಲೇ ತಿಳಿ. ಒಂದು ಕಡೆ ಮಾತ್ರ ಗಾಬರಿ ಬೀಳಬೇಡ: ಛಾವಣಿ ಬಂದು ಹಿಂಬದಿ ತಗಡಿಗೆ ಕೂಡೋ ಬೆಸುಗೆಯನ್ನು ಕಾರ್ಖಾನೆಯವರೇ ಸೀಸ ತುಂಬಿ ಮುಚ್ಚಿರುತ್ತಾರೆ. ಆ ಸೀಸದ ವಿಷಯ ಆಮೇಲೆ ಹೇಳ್ತೀನಿ.

ಕಾರ್ಖಾನೆಯವರು ಗಾಡಿಗೆ ಕೊಟ್ಟ ನಂಬರ್ (ಪ್ಲೇಟಿನದ್ದಲ್ಲ) 242ರಿಂದ ಶುರುವಾಗಬೇಕು. 237 ಅಂತಿದ್ದರೆ ಅದು ಪಾಂಟಿಯಾಕ್ ಕಂಪನಿಯದೇ ಅಗ್ಗದ ಮಾದರಿ ಲಿಮಾನ್ಸ್, ಯಾರೋ ಮೇಲೆ ಜಿಟಿಒ ಬಿಲ್ಲೆ ಅಂಟಿಸಿದ್ದಾರೆ. ಇಂಥವು ಬೇಕಾದಷ್ಟಿವೆ, ಬೆಲೆ ಮಾತ್ರ ಅಸಲಿಯದ್ದೇ ಹೇಳ್ತಾರೆ. ನಂಬರಿನಲ್ಲಿ 7 ಆದ ಮೇಲೆ ‘ಪಿ’ ಬಂದರೆ ಪಾಂಟಿಯಾಕ್ ಊರಲ್ಲೇ, ನಿನ್ನ ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ಕಟ್ಟಿದ್ದು. ಹಳೇ ಪಾಂಟಿಯಾಕ್ ಗಾಡಿಗಳ ದಾಖಲೆ ಇಟ್ಟಿರೋ ಪಿಎಚ್‌ಎಸ್‌ನವರಿಗೆ ನಂಬರ್ ಕೊಟ್ಟು ಫೀಸು ಕಟ್ಟಿದರೆ ಕಾರ್ಖಾನೆಯ ಬಿಲ್ಲಿನ ನಕಲು ಕಳಿಸ್ತಾರೆ. ಎಂಜಿನ್ನು, ಗೇರ್‌ಬಾಕ್ಸು, ಬಣ್ಣ, ಯಾವ ಡೀಲರಿಗೆ ಹೋಯ್ತು, ಎಲ್ಲ ಅದರಲ್ಲಿರುತ್ತೆ. ಆ 400 ಕ್ಯೂಬಿಕ್ ಇಂಚಿನ, 335 ಅಶ್ವಶಕ್ತಿಯ ಎಂಜಿನ್ನಿಗೆ ಸತು ಇರೋ ಆಯಿಲ್ಲೇ ಹಾಕಬೇಕು, ಇಲ್ಲದಿದ್ದರೆ ಒಳಗೆ ಕವಾಟ ತೆರೆಸೋ ಕ್ಯಾಮ್ ಸವೆಯುತ್ತೆ. ಮೆಕ್ಯಾನಿಕ್ಕಿನ ಕಡೆಯಿಂದ ಇಷ್ಟು ಸಾಕು. ಬಿಡಿಭಾಗ ಇವತ್ತಿಗೂ ಹೊಸದೇ ಸಿಗುತ್ತೆ. ಸಿಗದೇ ಇರೋದು ತಗಡಿನ ಕೆಲಸ ಬಲ್ಲ ಕೈ.

ನನಗೆ ಸಿಕ್ಕಿದ್ದವನು ಹ್ಯಾಮ್‌ಟ್ರಾಮಿಕ್‌ನ ಪೋಲಿಷ್ ಮೂಲದ ಮುದುಕ. ಮಾತು ಕಮ್ಮಿ, ಫೋನಿದ್ದರೂ ಎತ್ತುತ್ತಿರಲಿಲ್ಲ. ನಾನು 2007ರಲ್ಲಿ ನನ್ನ ಹಳೇ ಪಾಂಟಿಯಾಕ್ ಗಾಡಿಯನ್ನು ಅವನ ಹತ್ತಿರ ಕೆಲಸಕ್ಕೆ ಬಿಟ್ಟಾಗ ಬೆಂಗಳೂರಿನ ಜೆ.ಸಿ. ರೋಡಿನ ಅಭ್ಯಾಸದಲ್ಲಿ ಚೌಕಾಸಿಗೆ ಇಳಿದೆ. ಕೋಪ ಮಾಡಿಕೊಳ್ಳಲಿಲ್ಲ, ಗ್ಯಾರೇಜಿನ ಬಾಗಿಲು ಎಳೆದು ಊಟಕ್ಕೆ ಹೋದ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಚೀಲಕ್ಕೆ ಹಾಕಿ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ನೀನು ಹೋಗೋ ಕಡೆ ಮೊದಲು ಅಂಥ ಚೀಲಗಳಿವೆಯಾ ನೋಡು. ಲೆಕ್ಕಪತ್ರ ಬರವಣಿಗೆಯಲ್ಲೇ ಇರಲಿ. ದುಡ್ಡು ಹಂತ ಹಂತವಾಗಿ, ಆದ ಕೆಲಸ ಕಣ್ಣಾರೆ ನೋಡಿ ಕೊಡು.

ಅವನು ಸೀಸ ಇಳಿಸೋದನ್ನ ನಾನು ನೋಡಿದ್ದೇನೆ. ತಗಡನ್ನು ಉಜ್ಜಿ ಹೊಳಪು ಬರಿಸಿ, ಕಲಾಯಿ ಹಿಡಿಸಿ, ಒಂದು ಕೈಯಲ್ಲಿ ಗ್ಯಾಸ್ ಉರಿಯ ಟಾರ್ಚು, ಇನ್ನೊಂದರಲ್ಲಿ ಸೀಸದ ಕಡ್ಡಿ. ಕಡ್ಡಿ ಬೆಣ್ಣೆಯಂತೆ ಮೆತ್ತಗಾಗಬೇಕು, ಕರಗಿ ಹರಿದರೆ ಕೆಟ್ಟಿತು. ಆಗ ಕೊಬ್ಬು ಸವರಿದ ಮರದ ಪಟ್ಟಿಯಿಂದ ಒತ್ತಿ ಹರವುತ್ತಿದ್ದ. ಆರಿದ ಮೇಲೆ ಉದ್ದದ ಅರ. ಕೊನೆಗೆ ಹತ್ತಿ ಗವಸು ಹಾಕಿಕೊಂಡು, ಬೇರೆಲ್ಲೋ ನೋಡುತ್ತ, ಅಂಗೈಯನ್ನು ಹಿಂದಿನಿಂದ ಮುಂದಕ್ಕೆ ಎಳೆಯುತ್ತಿದ್ದ. ಕಣ್ಣಿಗೆ ಕಾಣದ ಉಬ್ಬು ಅವನ ಕೈಗೆ ಸಿಗುತ್ತಿತ್ತು. ‘ಶನಿವಾರ ಬಾ, ಕಲಿಸ್ತೀನಿ’ ಅನ್ನುತ್ತಿದ್ದ. ಹೋಗಬೇಕು ಅಂತಲೇ ಇತ್ತು. ಆದರೆ ಕಂಪನಿಯಲ್ಲಿ ಆಗಲೇ ಜನರನ್ನು ತೆಗೆಯುತ್ತಿದ್ದರು, ನಮ್ಮಂಥವರು ಶನಿವಾರವೂ ಸೀಟಿನಲ್ಲಿ ಕಾಣಿಸಿಕೊಳ್ಳಬೇಕಿತ್ತು.

2008ರ ಕೊನೆಗೆ ನನ್ನನ್ನೂ ತೆಗೆದರು. ಈಗ ಎಚ್‌-1ಬಿ ವೀಸಾದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ 60 ದಿನದವರೆಗೆ ಗಡುವು ಇದೆ, ಆಗ ಅದೂ ಇರಲಿಲ್ಲ. ಟೆಕ್ಸಸ್‌ನಲ್ಲಿ ಸಿಕ್ಕ ಕೆಲಸಕ್ಕೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿದೆ. ಬಾಡಿ ಒಂದು ಕಡೆ, ಫ್ರೇಮ್ ಒಂದು ಕಡೆ, ಕಾರು ಅಲ್ಲೇ ಉಳಿಯಿತು. 2009ರ ಏಪ್ರಿಲ್‌ನಲ್ಲಿ ಜನರಲ್ ಮೋಟರ್ಸ್ ಪಾಂಟಿಯಾಕ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂದಾಗ ಅವನಾಗಿಯೇ ನನಗೆ ಫೋನ್ ಮಾಡಿದ, ಅದೊಂದೇ ಸಲ. ‘ನಿನ್ನ ಗಾಡಿ ಮೂಲೆಯಲ್ಲಿದೆ, ಜಾಗದ ಬಾಡಿಗೆ ಬೇಡ’ ಅಂದ. ಎಷ್ಟೋ ವರ್ಷದ ಮೇಲೆ ನಾವು ಮಿಶಿಗನ್ನಿಗೆ ವಾಪಸು ಬಂದಾಗ ಅವನ ಕೈ ನಡುಗುತ್ತಿತ್ತು, ಟಾರ್ಚ್ ಹಿಡಿಯುವಂತಿರಲಿಲ್ಲ. ಎಡಗಡೆ ಬೆಸುಗೆಯಲ್ಲಿ ಅವನ ಸೀಸ ಇದೆ. ಬಲಗಡೆಗೆ ಇನ್ನೊಬ್ಬ ಪುಟ್ಟಿ ಬಳಿದ. ಕೆಲಸವೇನೂ ಕೆಟ್ಟದ್ದಲ್ಲ, ನೋಡಿದವರಿಗೆ ಗೊತ್ತೂ ಆಗೋಲ್ಲ. ಗಾಡಿ ತೊಳೆಯುವಾಗೆಲ್ಲ ನನ್ನ ಕೈ ಮಾತ್ರ ಆ ಬಲಗಡೆಯಲ್ಲಿ ನಿಲ್ಲುತ್ತೆ. ಈಗ ಅವನಿಲ್ಲ. ಆ ಶನಿವಾರಗಳಲ್ಲಿ ನಾಲ್ಕನ್ನಾದರೂ ಹೇಗೋ ಕದ್ದಿದ್ದರೆ ಅನ್ನಿಸೋದು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಹೇಳೋದು, ಗ್ರೀನ್ ಕಾರ್ಡ್ ಬರೋತನಕ ಓಡೋ ಗಾಡಿ ಕೊಂಡು ಓಡಿಸುತ್ತಲೇ ಒಂದೊಂದಾಗಿ ಸರಿಮಾಡಿಸು. ಈ ವರ್ಷ ಬ್ರೇಕು, ಬರೋ ವರ್ಷ ಡಿಕ್ಕಿ ತಳ. ಬಾಡಿಯನ್ನು ಫ್ರೇಮಿನಿಂದ ಎತ್ತಿಸಬೇಡ. ಗ್ರೀನ್ ಕಾರ್ಡ್ ಅಷ್ಟು ಬೇಗ ಬರೋಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ವಿಮೆ ಮಾಡಿಸುವಾಗ ಬೆಲೆ ಇಷ್ಟು ಅಂತ ಮೊದಲೇ ಒಪ್ಪಿ ಬರೆಸಿಕೋ. ಹಳೇ ಗಾಡಿಗೆ ಕೊಡೋ ಹಿಸ್ಟಾರಿಕ್ ನಂಬರ್ ಪ್ಲೇಟ್ ಅಗ್ಗ, ಆದರೆ ಅದರಲ್ಲಿ ಮೆರವಣಿಗೆ, ಪ್ರದರ್ಶನ ಬಿಟ್ಟರೆ ಮನಸ್ಸು ಬಂದ ಹಾಗೆ ಓಡಿಸೋಕೆ ಆಗಸ್ಟ್ ತಿಂಗಳಲ್ಲಿ ಮಾತ್ರ ಬಿಡ್ತಾರೆ. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ತುಂಬ ಹಳೇ ಗಾಡಿಗಳೇ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ. ನಮ್ಮ ಗಾಡಿಯೂ ಬರುತ್ತೆ. ಆಯುಧಪೂಜೆಯ ಕುಂಕುಮ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿದೆ, ಅಮೆರಿಕದವರು ತುಕ್ಕಾ ಅಂತ ಕೇಳ್ತಾರೆ.

ನೀನು ಹೇಳಿದ ಗಾಡಿ ನೋಡೋಕೆ ಹೋಗೋ ದಿನ ತಿಳಿಸು, ನಾನೂ ಬರ್ತೀನಿ. ಅಯಸ್ಕಾಂತ ನನ್ನ ಹತ್ತಿರ ಇದೆ. ಚೆಕ್‌ಬುಕ್ ಮಾತ್ರ ಮನೇಲೇ ಬಿಟ್ಟು ಬಾ, ಎಂಜಿನ್ ಸ್ಟಾರ್ಟ್ ಆದ ತಕ್ಷಣ ಬರೆದುಕೊಟ್ಟುಬಿಡ್ತೀಯ.