‘ಫೈವ್ ರೆಡ್ ಹೆರಿಂಗ್ಸ್’ ಕಾದಂಬರಿಯಲ್ಲಿ ಶವದ ಬಳಿ ಕಾಣೆಯಾದ ವಸ್ತು ಯಾವುದೆಂದು ಲೇಖಕಿ ಆರಂಭದಲ್ಲೇ ಏಕೆ ಹೇಳುವುದಿಲ್ಲ?

ಅದನ್ನು ಊಹಿಸುವ ಅವಕಾಶವನ್ನು ಡೊರೊತಿ ಸೇಯರ್ಸ್ ಉದ್ದೇಶಪೂರ್ವಕವಾಗಿ ಓದುಗನಿಗೇ ಬಿಟ್ಟಿದ್ದಾರೆ. 1931ರ ಈ ಕಾದಂಬರಿ ನಡೆಯುವುದು ಸ್ಕಾಟ್ಲೆಂಡಿನ ನೈಋತ್ಯ ಮೂಲೆಯ ಗ್ಯಾಲೊವೇ ಪ್ರದೇಶದಲ್ಲಿ, ಚಿತ್ರಕಾರರ ನೆಲೆಯೆಂದು ನಿಜವಾಗಿಯೂ ಹೆಸರಾಗಿದ್ದ ಕಿರ್ಕೂಬ್ರಿ ಎಂಬ ಕರಾವಳಿ ಪಟ್ಟಣದ ಸುತ್ತಮುತ್ತ. ಎಲ್ಲರೊಡನೆ ಜಗಳವಾಡುತ್ತಿದ್ದ ಚಿತ್ರಕಾರನೊಬ್ಬ ಹಳ್ಳದಲ್ಲಿ ಸತ್ತು ಬಿದ್ದಿರುತ್ತಾನೆ. ದಡದ ಮೇಲೆ ಅರ್ಧ ಮುಗಿದ, ಬಣ್ಣ ಇನ್ನೂ ಹಸಿಯಾಗಿರುವ ಚಿತ್ರವಿರುತ್ತದೆ. ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಅಲ್ಲಿದ್ದ ವಸ್ತುಗಳನ್ನೆಲ್ಲ ಪರಿಶೀಲಿಸಿ, ಏನನ್ನು ಹುಡುಕಬೇಕೆಂದು ಪೊಲೀಸರಿಗೆ ತಿಳಿಸುತ್ತಾನೆ. ಜಾಣ ಓದುಗ ಅದನ್ನು ತಾನೇ ತಿಳಿದುಕೊಳ್ಳುತ್ತಾನೆಂದು ಹೇಳಿ ಸೇಯರ್ಸ್ ಆ ಮಾತನ್ನು ಬಿಟ್ಟುಬಿಡುತ್ತಾರೆ.

ಕಾದಂಬರಿಯನ್ನು ಇನ್ನೂ ಓದದವರು ಇಲ್ಲಿಗೇ ನಿಲ್ಲಿಸುವುದು ಒಳಿತು. ಕಾಣೆಯಾದದ್ದು ಬಿಳಿ ಬಣ್ಣದ ಟ್ಯೂಬು. ತೈಲವರ್ಣದಲ್ಲಿ ಬೇರೆ ಬಣ್ಣಗಳನ್ನು ತಿಳಿಯಾಗಿಸಲು ಬಿಳಿಯೇ ಬೇಕಾಗುವುದರಿಂದ ಅದು ಇಲ್ಲದೆ ಆ ಚಿತ್ರ ಮೂಡಲು ಸಾಧ್ಯವಿರಲಿಲ್ಲ. ಚಿತ್ರ ಇದ್ದು ಟ್ಯೂಬು ಇಲ್ಲವೆಂದರೆ, ಅದನ್ನು ಬರೆದವನು ಟ್ಯೂಬನ್ನು ಮರೆತು ಜೇಬಿಗೆ ಹಾಕಿಕೊಂಡು ಹೋಗಿರಬೇಕು. ಅಂದರೆ ಕೊಲೆ ಮೊದಲೇ ನಡೆದಿದೆ, ಬಲಿಯಾದವನು ಬೆಳಿಗ್ಗೆ ಬದುಕಿದ್ದನೆಂದು ತೋರಿಸಲು ಕೊಲೆಗಾರನೇ ಕುಳಿತು ಚಿತ್ರ ಬರೆದಿದ್ದಾನೆ. ಹಾಗಾಗಿ ಅವನೂ ಚಿತ್ರಕಾರನೇ ಆಗಿರಬೇಕು, ಆರು ಮಂದಿ ಶಂಕಿತರೂ ಚಿತ್ರಕಾರರೇ. ಉಳಿದ ಐವರು ದಾರಿ ತಪ್ಪಿಸುವ ಸುಳಿವುಗಳು; ಶೀರ್ಷಿಕೆಯ ಅರ್ಥವೂ ಅದೇ. ನನ್ನ ಮಟ್ಟಿಗೆ, ಆಮೇಲೆ ಬರುವ ರೈಲು ವೇಳಾಪಟ್ಟಿಯ ದೀರ್ಘ ಲೆಕ್ಕಾಚಾರಕ್ಕಿಂತ ಈ ಒಂದು ಟ್ಯೂಬೇ ಹೆಚ್ಚು ಸೊಗಸಾದ ಸುಳಿವು.